ತೋಡೂರಿನ ಇಳಿಜಾರಿನಲ್ಲಿ ಸುಮ್ಮನಾದ ಮೋಟಾರು

ಅಂಕೋಲೆಯಿಂದ ಕಾರವಾರಕ್ಕೆ ದಿನವೂ ಹೋಗಿ ಬರುತ್ತಿದ್ದ ಸರ್ವಿಸ್ ಮೋಟಾರಿನ ಡ್ರೈವರ್ ಜಟ್ಟು ಗೌಡ ಬೆಳಂಬಾರದವನು. ಮೊದಲು ಎತ್ತಿನ ಗಾಡಿ ಹೊಡೆಯುತ್ತಿದ್ದ. ಮೋಟಾರಿಗೆ ಬಂದ ಮೇಲೂ ಏರು ಹತ್ತುವಾಗ ಎತ್ತುಗಳಿಗೆ ಹಾಕುವಂತೆ ನಾಲಿಗೆಯಿಂದ ಲೊಟಕೆ ಹಾಕುವುದನ್ನು ಬಿಟ್ಟಿರಲಿಲ್ಲ.

ಅದು ಸರಕಾರ ಪೆಟ್ರೋಲಿನ ತೆರಿಗೆಯನ್ನು ಒಮ್ಮೆಗೇ ಹೇರದೆ ಇಷ್ಟಿಷ್ಟೇ ಏರಿಸುತ್ತಿದ್ದ ಕಾಲ. “ಇದೇ ಸರಿ. ಮೆಲ್ಲಗೆ ಏರಿಸಿದರೆ ಜನ ಮೆಲ್ಲಗೆ ಮಿತವ್ಯಯ ಕಲಿಯುತ್ತಾರೆ” ಎಂದು ನಾನು ವಾಚನಾಲಯದಲ್ಲಿ ಕುಳಿತು ವಾದಿಸುತ್ತಿದ್ದೆ. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾದ ನನಗೆ ಸ್ವಂತ ಮೋಟಾರಿರಲಿಲ್ಲವಾದ್ದರಿಂದ ವಾದ ಬಲವಾಗಿಯೇ ಇತ್ತು.

ಕಲಿತವನು ಜಟ್ಟು. ಮೊದಲ ಸಲ ತೆರಿಗೆ ಏರಿದಾಗ, ಇಂಜಿನ್ ಆರಿಸದೆ ದಾರಿಬದಿಯಲ್ಲಿ ನಿಂತು ಎಲೆಯಡಿಕೆ ಹಾಕುವುದನ್ನು ನಿಲ್ಲಿಸಿದ. ಮತ್ತೆ ಏರಿತು. ಏರು ಬಂದಲ್ಲೆಲ್ಲ ಗಂಡಸರನ್ನು ಇಳಿಸಿ ನಡೆಸತೊಡಗಿದ. ನನ್ನನ್ನು ಮೊದಲು.

“ಒಡ್ಯಾ, ನೀವೊಬ್ರು ಇಳದ್ರೆ ಸಾಕು. ಉಳದೋರು ಕೂತ್ಕಳ್ಲಿ.”

ನನ್ನ ಗಾತ್ರವನ್ನು ಅಷ್ಟು ಮರ್ಯಾದೆಯಿಂದ ಆಡಿಕೊಂಡವರು ಇನ್ನೊಬ್ಬರಿಲ್ಲ. ತೆರಿಗೆಯ ಪರ ವಾದಿಸುವುದನ್ನು ನಾನು ಅಂದೇ ಸ್ವಲ್ಪ ಕಡಿಮೆ ಮಾಡಿದೆ.

ಮೂರನೆಯ ಸಲ ತೆರಿಗೆ ಏರಿದಾಗ ಮೋಟಾರಿನ ಮಾಲಕ ತುಳಸಿದಾಸ ಶೇಟರು ತಾವೇ ಸ್ಟ್ಯಾಂಡಿಗೆ ಬಂದರು.

“ಜಟ್ಟು, ಇನ್ನು ನಂಗೆ ಪೂರೈಸೂದಿಲ್ಲ. ಪೆಟ್ರೋಲು ಉಳಿಸ್ತ್ಯೋ, ಗಾಡಿ ಮಾರ್ಲೋ? ಮಾರಿದ್ರೆ ನೀನು ಮತ್ತೆ ಎತ್ತಿನ ಬಾಲ ಹಿಡೀಬೇಕು, ನೋಡು.”

ಜಟ್ಟುವಿನ ಮುಖ ಬಾಡಿತು. ಊರಲ್ಲಿ ಹಿರಿಯರೂ ಅವನನ್ನು ‘ಡ್ರೈವರ್ ಗೌಡ’ ಎಂದು ಕರೆಯುವಂತಾಗಿತ್ತು. ಆ ಹೆಸರನ್ನು ಬಿಟ್ಟುಕೊಟ್ಟು ಯಾವ ಮುಖ ಹೊತ್ತು ಊರಿಗೆ ಹೋಗುವುದು?

ಮರುದಿನ ಬೆಳಿಗ್ಗೆ ತೋಡೂರಿನ ಗುಡ್ಡದ ನೆತ್ತಿಯಲ್ಲಿ ಇಂಜಿನ್ ಆರಿಸಿಬಿಟ್ಟ. ಮೋಟಾರು ಸದ್ದಿಲ್ಲದೆ ಜಾರಿತು. ಯಾರದೋ ಬುಟ್ಟಿಯ ಕೋಳಿ ಗೊಣಗುವುದೂ ಕೇಳಿಸಿತು.

“ಇದು ಪುಕ್ಕಟೆ ದಾರಿ, ಒಡ್ಯಾ!” ಜಟ್ಟು ಹಿಗ್ಗಿದ.

ಕೆಳಗೆ ತೋಡೂರಿನಲ್ಲಿ ಮಾತ್ರ ಒಂದು ನರಪಿಳ್ಳೆಯೂ ನಿಂತಿರಲಿಲ್ಲ. ಆ ವಾರವೆಲ್ಲ ಹಾಗೇ. ಪೆಟ್ರೋಲು ಉಳಿಯಿತು, ಸೀಟುಗಳು ಖಾಲಿ ಉಳಿದವು.

“ಗಾಡಿ ಮನೇಲೇ ನಿಲ್ಸಿದ್ರೆ ಇನ್ನೂ ಉಳೀತದೆ!” ಎಂದು ಶೇಟರು ಸಿಡುಕಿದರು. “ನಾಳೆ ನಾನೇ ಬರ್ತೆ. ಆಮೇಲೆ ಮಾರೂದೋ ಇಡೂದೋ ಹೇಳ್ತೆ.”

ಅಂದು ಸಂಜೆ ಮರಳುವಾಗ ತೋಡೂರಿನ ಮಾದೇವಿ ರಸ್ತೆಗೇ ಅಡ್ಡ ನಿಂತಳು. ಕಾರವಾರದ ಪೇಟೆಗೆ ಬಸಳೆ, ಹರಿವೆ ಒಯ್ದು ಮಾರುವವಳು.

“ಏ ಜಟ್ಟು ಭಾವಾ, ಕಳ್ಳನ ಹಾಂಗೆ ಬಂದು ಹೋತ್ಯಲಾ! ನಿನ್ನ ಗಾಡಿ ಗುಡ್ಡದ ಮೇಲೆ ಒದರ್ದ ಮೇಲೇ ನಾ ಗಂಜಿ ಬಟ್ಲ ತೊಳ್ದು ಬುಟ್ಟಿ ಎತ್ತೂದು. ಒದರೂದೇ ಇಲ್ಲಾಂದ್ರೆ ನಂಗೆ ಕನ್ಸು ಬೀಳ್ತದ್ಯಾ?”

ತೋಡೂರಿಗೆ ತೋಡೂರೇ ಹಾಗೆ ಸದ್ದು ಕೇಳಿಯೇ ಮನೆ ಬಿಡುತ್ತಿತ್ತು. ಹಾರ್ನಿನ ರಬ್ಬರು ಎಂದೋ ಹರಿದಿತ್ತು. ಮೋಟಾರಿನ ಉಳಿದ ಭಾಗಗಳೆಲ್ಲ ಕೂಗುತ್ತಿದ್ದುದರಿಂದ ಅದರ ಕೊರತೆ ಯಾರಿಗೂ ಕಂಡಿರಲಿಲ್ಲ.

ಮರುದಿನ ಜಟ್ಟು ತನ್ನ ಭಾವಮೈದುನ ಬೀರುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಪೊದೆಮೀಸೆಯ ಬೀರುವಿನ ಮಡಿಲಲ್ಲಿ ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆ.

“ಇದೆಂತ ಮದ್ವೆ ದಿಬ್ಬಣವೋ?” ಶೇಟರು ಕೇಳಿದರು.

“ಗುಮಟೆಗೆ ಸರಕಾರ ಇನ್ನೂ ತೆರ್ಗಿ ಹಾಕ್ಲಿಲ್ಲ, ಒಡ್ಯಾ.”

ನೆತ್ತಿಯಲ್ಲಿ ಇಂಜಿನ್ ನಿಂತಿತು, ಗುಮಟೆ ಶುರುವಾಯಿತು. ಬೀರು ಪದವನ್ನೂ ಎತ್ತಿದ. ಶೇಟರು ಮಾತ್ರ ರಸ್ತೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಜಟ್ಟು ಶೇಟರ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಮೋಟಾರಿನ ಗತಿ ಏನಾಗುತ್ತದೋ ಎಂದು ನಾನು ಎದುರಿನ ಸರಳನ್ನು ಗಟ್ಟಿಯಾಗಿ ಹಿಡಿದೆ.

ತಿರುವು ದಾಟಿದರೆ ತೋಡೂರು! ಬುಟ್ಟಿ, ಕೊಡೆ, ಗಂಟುಗಳ ಸಮೇತ ಅರ್ಧ ಊರೇ ಓಡಿ ಬರುತ್ತಿತ್ತು. ನಿಲ್ಲಲೂ ಜಾಗ ಉಳಿಯದಷ್ಟು ತುಂಬಿಕೊಂಡರು. ಜಟ್ಟು ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡಲು ಕೆಳಗಿಳಿದ. ಬೀರು ಗುಮಟೆ ನಿಲ್ಲಿಸಿದ.

“ಏ ಬೀರು, ಪದ ಅರ್ಧಕ್ಕೇ ಬಿಟ್ರೆ ನಾ ಟಿಕೇಟೂ ಅರ್ಧವೇ ಕೊಡೂದು!” ಮಾದೇವಿ ಒಳಗಿನಿಂದ ಕೂಗಿದಳು.

ಎಲ್ಲರೂ ಹೌದೆಂದರು. ಶೇಟರು ಒಮ್ಮೆ ತುಂಬಿದ ಮೋಟಾರನ್ನು ನೋಡಿದರು, ಒಮ್ಮೆ ನಿಂತ ಇಂಜಿನ್ನನ್ನು ನೋಡಿದರು.

“ಹಾಡ್ಲಿ, ಹಾಡ್ಲಿ. ಇಂಜಿನ್ ಆರಿದೆಯಲ್ಲ, ಖರ್ಚೆಂತದು?”

ಆ ಪದವೋ, ಮುಗಿಯುವ ಜಾತಿಯದಲ್ಲ. ನಾನು ಕಚೇರಿ ತಲುಪುವಾಗ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಪೆಟ್ರೋಲಿನ ತೆರಿಗೆಯಿಂದ ತಡವಾಯಿತು ಎಂದರೆ ನಂಬಲಿಲ್ಲ. ಅದಕ್ಕೆ ಮೊದಲು, ಕಾರವಾರದಲ್ಲಿ ಇಳಿಯುವಾಗ ಶೇಟರು ಜಟ್ಟುವಿಗೆ ಹೇಳಿದ್ದು ಇಷ್ಟೇ:

“ನಾಳಿಂದ ಸ್ವಲ್ಪ ಬೇಗ ಬಿಡು ಮಾರಾಯಾ. ಪದ ಪೂರಾ ಆಗ್ಬೇಕಲ್ಲ.”