ಹುಲ್ಲಿಲ್ಲದ ಮೆಟ್ಟಿಲು

ಲಕ್ಕುಂಡಿಯ ಹಳೆಯ ಮೆಟ್ಟಿಲು ಬಾವಿಯೊಂದನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಂಡು ಬಂದವನು ಸಂಗಪ್ಪ. ಬೆಳಿಗ್ಗೆ ಕಸಬರಿಗೆ ಹಿಡಿದು ತಳಕ್ಕಿಳಿಯುವನು. ಕಲ್ಲುಗಳ ಸಂದಿನ ಹುಲ್ಲು ಕೀಳುತ್ತ ಮೇಲೇರುವನು. ನೋಡಲು ಬಂದವರಿಗೆ, "ಹಗೂರಕ ಇಳೀರ್ರಿ, ಪಾಚಿ ಐತಿ" ಎಂದು ಕೈಕೊಡುವನು. ಒಣಕಲು ಮೈ, ಆದರೆ ಏರುವುದರಲ್ಲಿ ಹರೆಯದವರನ್ನೂ ಹಿಂದೆ ಹಾಕುತ್ತಿದ್ದ.

ಯುಗಾದಿ ಕಳೆದ ಮೇಲೆ, ತಳದಿಂದ ಹತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎದೆಯ ಮೇಲೆ ಬೀಸುಕಲ್ಲು ಇಟ್ಟಂತಾಗತೊಡಗಿತು. ನಿಂತರೆ ಹಗುರಾಗುತ್ತಿತ್ತು. ಊರಿಗೆ ಗೊತ್ತಾದರೆ ಬಾವಿಯನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟಾರು ಎಂಬ ಹೆದರಿಕೆ. ಅದಕ್ಕೇ ಅಲ್ಲಿಯೇ ಕುಳಿತು, ನೋವು ಇಳಿಯುವವರೆಗೆ ಹುಲ್ಲು ಕೀಳುವ ನೆಪ ಹೂಡುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ ಏಳನೆಯ ಮೆಟ್ಟಿಲಿಗೇ ನಿಲ್ಲಬೇಕಾಯಿತು, ಆಮೇಲೆ ಐದನೆಯದಕ್ಕೆ. ಉಳಿದ ಮೆಟ್ಟಿಲುಗಳಲ್ಲಿ ಬಗ್ಗಿ ಹುಲ್ಲು ಕೀಳುವ ಧೈರ್ಯವೇ ಉಳಿಯಲಿಲ್ಲ.

ಒಂದು ಭಾನುವಾರ ರೊಟ್ಟಿಯ ಗಂಟು ತಂದ ಮಗಳು ಸ್ನೇಹಾ ಬಾವಿಯೊಳಗೆ ಇಣುಕಿ ನಿಂತಳು.

"ಯಪ್ಪಾ, ಎಲ್ಲಾ ಕಡೆ ಹುಲ್ಲು ಮೊಣಕಾಲಮಟ ಬೆಳದೈತಿ. ಐದನೇದು ಒಂದ ಯಾಕ ಬೋಳು?"

"ಅಲ್ಲಿ... ಕಸಾ ಭಾಳ ಬೀಳತೈತವ್ವಾ."

"ನನ್ನ ಮಾರಿ ನೋಡಿ ಹೇಳು."

ಸಂಗಪ್ಪ ನೆಲ ನೋಡುತ್ತಲೇ ಎದೆನೋವಿನ ಸಂಗತಿ ಬಿಚ್ಚಿಟ್ಟ.

ಮರುದಿನ ಗದಗಿನ ಆಸ್ಪತ್ರೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಬಹಳ ಹೆಚ್ಚಿದೆಯೆಂದು ಡಾಕ್ಟರಮ್ಮ ಹೇಳಿದಾಗ ಹೆಂಡತಿ ಗದಿಗೆವ್ವ ನಂಬಲಿಲ್ಲ. "ಈ ಎಲುಬಿನ ಹಂದರದಾಗ ಕೊಬ್ಬು ಎಲ್ಲಿಂದ ಬಂತ್ರಿ ಬಾಯಾರ?"

"ತೆಳ್ಳಗಿದ್ದವರ ರಕ್ತದಾಗೂ ಇರ್ತೈತ್ರಿ," ಎಂದರು ಡಾಕ್ಟರಮ್ಮ. "ಮೆಟ್ಲ ಏರುವಾಗ ಹೃದಯಕ್ಕ ಹೆಚ್ಚು ರಕ್ತ ಬೇಕು. ಅದರ ರಕ್ತನಾಳ ಆಗ ಅಗಲ ಆಗಬೇಕು. ಕೊಲೆಸ್ಟ್ರಾಲ್ ಹೆಚ್ಚಾದ್ರ ನಾಳದ ಒಳಪದರ ಕೆಡತೈತಿ, ಬೇಕಾದಾಗ ಅಗಲ ಆಗಂಗಿಲ್ಲ. ಮ್ಯಾಲ ಕೊಬ್ಬು ಕುಂತು ಹಾದಿನೂ ಸಣ್ಣದಾಗತೈತಿ. ಸುಮ್ನ ಕುಂತಾಗ ಏನೂ ಅನಸಂಗಿಲ್ಲ. ಏರಿದ್ರ ಎದಿ ಹಿಡೀತೈತಿ. ಹತ್ತರಿಂದ ಐದಕ್ಕ ಬಂದೈತಿ, ಇನ್ನ ತಡಾ ಬ್ಯಾಡ."

ಅಂದೇ ಸೇರಿಸಿಕೊಂಡರು. ಮುಚ್ಚಿಹೋಗುತ್ತಿದ್ದ ನಾಳಕ್ಕೆ ಸ್ಟೆಂಟ್ ಹಾಕಿದರು. ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಬಾರದು, ತಾವು ಹೇಳುವವರೆಗೆ ಬಾವಿಗೆ ಇಳಿಯಬಾರದು ಎಂದರು.

ಹೆದರಿದ್ದಂತೆಯೇ ಆಯಿತು, ಬಾವಿಯ ಕೆಲಸಕ್ಕೆ ಊರಿನದೇ ಹುಡುಗ ಹುಲಿಗೇಶ ಬಂದ. "ನೀ ಆರಾಮ ಆಗುತನಕ ಅಷ್ಟ ಕಾಕಾ," ಎಂದ. ಸಂಗಪ್ಪ ದಿನವೂ ಬಂದು ಬಾವಿಯ ಅಂಚಿನಲ್ಲಿ ಕೂರುತ್ತಿದ್ದ. ತಿಂಗಳಾಗುವಷ್ಟರಲ್ಲಿ ಐದನೆಯ ಮೆಟ್ಟಿಲಿನಲ್ಲೂ ಹಸಿರು ಚಿಗುರಿತು. ಉಳಿದ ಮೆಟ್ಟಿಲುಗಳ ಹುಲ್ಲು ಕೀಳುತ್ತ ಬಂದ ಹುಲಿಗೇಶ ಅದಕ್ಕೂ ಕೈಹಾಕಿದ.

"ಅದನ್ನೊಂದು ಬಿಡಲೇ, ಹುಲಿಗೇಶ!"

"ಯಾಕ ಕಾಕಾ?"

"ಅಲ್ಲಿ ನಿಲ್ಲದ ಏರಾಕ ಆಗತೈತೋ ಇಲ್ಲೋ ನಾನ ನೋಡಬೇಕು. ಕುಂತ್ರ ಹುಲ್ಲಿಗೆ ಕೈ ಹೋಗತೈತಿ, ನಿಲ್ಲದ ಏರಿದ್ರ ಅದು ಹಂಗ ಉಳೀತೈತಿ."

ಹೇಳುತ್ತಿರುವಾಗಲೇ ಅವನ ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು.