ಮಾವನವರ ಕುದುರೆ ನಾಣ್ಯಗಳು

ಮಾವನವರ ಎಡಗೈಯ ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಒಂದು ಗಂಡು ಕುದುರೆ ಕಚ್ಚಿ ತುಂಡು ಮಾಡಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆ ಬೆರಳನ್ನು ನೋಡಲು ನನಗೆ ಹೆದರಿಕೆ. ಅದು ಅವರಿಗೆ ಹೇಗೋ ಗೊತ್ತಾಗಿ, ಊಟಕ್ಕೆ ಕೂತಾಗ ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಒಂದು ದಿನ ತಾವಾಗಿಯೇ ಹೇಳಿದರು. "ಅದರ ತಪ್ಪಿಲ್ಲ ತಾಯಿ. ಹಲ್ಲುನೋವಿತ್ತು ಅದಕ್ಕೆ. ನಾನೇ ನೋಡ್ಕೊಳ್ದೆ ಬಾಯಿಗೆ ಕೈ ಹಾಕ್ದೆ." ಬೆರಳು ಕಳೆದುಕೊಂಡವರೇ ಕುದುರೆಯ ಪರ ವಕಾಲತ್ತು ವಹಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವರು ಫಾರಂನಲ್ಲಿ ಕುದುರೆಗಳ ಕಾಂಪೌಂಡರ್ ಆಗಿದ್ದವರು. ರಿಟೈರಾದ ಮೇಲೆ ತುಮಕೂರಿಗೆ ಬಂದು ಸದಾಶಿವನಗರದಲ್ಲಿ ಮಗನ ಜೊತೆ ಇದ್ದರು. ನಮ್ಮ ಯಜಮಾನರಿಗೆ ಅಂತರಸನಹಳ್ಳಿ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಅತ್ತೆ ನಾನು ಬರುವ ಮೊದಲೇ ಹೋಗಿಬಿಟ್ಟಿದ್ದರು. ಎಮರ್ಜೆನ್ಸಿ ಮುಗಿದ ಮರುವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಇಬ್ಬರು ಗಂಡಸರಿದ್ದ ಮನೆ ಹೇಗಿರುತ್ತದೋ ಹಾಗೇ ಇತ್ತು. ತಾಮ್ರದ ಹಂಡೆ ಕಪ್ಪಗೆ ಹೆಂಚಿನ ಹಾಗಾಗಿತ್ತು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದವರ ಮಗಳು ನಾನು. ಪಾತ್ರೆಯಲ್ಲಿ ಮುಖ ಕಾಣದಿದ್ದರೆ ನಮ್ಮಮ್ಮ ಊಟಕ್ಕೆ ಕೂರುತ್ತಿರಲಿಲ್ಲ. ಬಂದ ವಾರದಲ್ಲೇ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಮಾವನವರು ನೋಡಿ, "ಇದು ನಮ್ಮನೇದೇನಾ?" ಅಂದರು.

ಅವರ ಕೋಣೆಯ ಗೂಡಿನಲ್ಲಿ ಸಾಲಾಗಿ ತಗಡಿನ ಡಬ್ಬಿಗಳಿದ್ದವು. ಕುದುರೆಯ ಗೊರಸಿಗೆ ಹಚ್ಚುವ ಮುಲಾಮಿನ ಡಬ್ಬಿಗಳು. ಒಳಗೆ ಹತ್ತಿ, ಹತ್ತಿಯ ಮೇಲೆ ಹಳೇ ನಾಣ್ಯ. ಮಧ್ಯ ಏಷ್ಯಾದ ಕಡೆಯಿಂದ ಕುದುರೆ ಹತ್ತಿಕೊಂಡು ಬಂದ ಶಕರದು, ಕುಶಾಣರದು, ಎರಡೋ ಮೂರೋ ಹೂಣರದು. ನಾವು ಶಾಲೆಯಲ್ಲಿ ಪರೀಕ್ಷೆಗೆ ಉರುಹೊಡೆದು ಮರೆತ ಹೆಸರುಗಳು. ಫಾರಂನ ಕುದುರೆಗಳನ್ನು ರೈಲಿನಲ್ಲಿ ಉತ್ತರದ ಕಡೆ ಕಳಿಸುವಾಗ ಜೊತೆಗೆ ಇವರನ್ನೂ ಕಳಿಸುತ್ತಿದ್ದರಂತೆ. ಅಲ್ಲಿ ಪಾತ್ರೆ ಮಾಡುವವರ ಬೀದಿಯಲ್ಲಿ, ಕರಗಿಸಲಿಕ್ಕೆಂದು ಗುಡ್ಡೆ ಹಾಕಿದ್ದ ಹಳೇ ತಾಮ್ರದೊಳಗೆ ಒಂದು ಬಿಲ್ಲೆಯ ಮೇಲೆ ಕುದುರೆ ಕಂಡಿತು. ಮೊದಲು ಕೊಂಡದ್ದು ಅದನ್ನೇ. ಆಮೇಲೆ ಹೋದಾಗಲೆಲ್ಲ ಆ ಬೀದಿಗೆ ಹೋಗಿ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂರುವುದು ಅಭ್ಯಾಸವಾಯಿತು.

ಓದಿದ್ದು ಎಂಟನೇ ಕ್ಲಾಸು. ಇತಿಹಾಸದಿಂದ ನಾಣ್ಯಕ್ಕೆ ಬಂದವರಲ್ಲ, ಕುದುರೆಯಿಂದ ಬಂದವರು. ಮಧ್ಯಾಹ್ನ ಮುದ್ದೆ ಉಂಡು, ಮಂಚದ ಮೇಲೆ ಟವೆಲ್ ಹಾಸಿ ನಾಣ್ಯ ಹರಡಿಕೊಂಡು ಕೂತರೆಂದರೆ ನನಗೂ ಕರೆ ಬರುತ್ತಿತ್ತು. "ನೋಡು ತಾಯಿ, ರಿಕಾಪಿಲ್ಲ. ಕಾಲು ಇಡಾಕೆ ಏನೂ ಇಲ್ದೆ ಕೂತವ್ನೆ. ತೊಡೇಲೇ ಹಿಡ್ಕೊಂಡವ್ನೆ ಕುದುರೇನ." ಇನ್ನೊಂದು ನಾಣ್ಯ ತೋರಿಸಿ, "ಇವನ ಕುದುರೆಗೆ ಮುಂಗಾಲು ನೋವದೆ. ಇಲ್ಲಾ ಅಚ್ಚು ಮಾಡ್ದೋನು ಕುದುರೆ ಕಂಡೋನಲ್ಲ" ಅನ್ನುತ್ತಿದ್ದರು. ಕೈ ಒರೆಸಿಕೊಂಡು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯುವರು. ಒಣಬಟ್ಟೆ ಕೂಡ ಮೆಲ್ಲಗೆ ಮುಟ್ಟಿಸುವರು, ಒರೆಸುತ್ತಿರಲಿಲ್ಲ. ಅದನ್ನು ನಾನು ದಿನಾ ನೋಡುತ್ತಿದ್ದೆ. ಯಾಕೆಂದು ಕೇಳಲಿಲ್ಲ.

"ಊರೂರು ಅಲೆಯೋರಿಗೆ ನಾಣ್ಯ ಯಾಕೆ ಬೇಕಾಗಿತ್ತು ಮಾವ?" ಎಂದು ಒಮ್ಮೆ ಕೇಳಿದ್ದೆ.

"ಊರಿದ್ದೋನ್ನ ಊರು ನಂಬ್ತದೆ. ಅಲೆಯೋನ್ನ ಯಾರು ನಂಬ್ತಾರೆ? ಅದಕ್ಕೇ ದುಡ್ಡಿನ ಮೇಲೆ ಹೆಸರು ಬರೆದು ಕೊಟ್ಟವ್ನೆ."

ಅವರ ಕರುಣೆ ಮೊದಲು ಕುದುರೆಗೆ, ಆಮೇಲೆ ಮಿಕ್ಕವರಿಗೆ. ನಾನು ಏಳು ತಿಂಗಳ ಬಸುರಿ. ಆಸ್ಪತ್ರೆಯಿಂದ ಮಾವನವರ ಜೊತೆ ಜಟಕಾದಲ್ಲಿ ಬರುತ್ತಿದ್ದಾಗ ಬಸ್‌ಸ್ಟ್ಯಾಂಡ್ ಹತ್ತಿರ ಅವರು ಥಟ್ಟನೆ ಗಾಡಿ ನಿಲ್ಲಿಸಿ ಇಳಿದರು. ಕುದುರೆಯ ಹಿಂಗಾಲು ಎತ್ತಿ ನೋಡಿ, ಜಟಕಾದವನಿಗೆ, "ಏನ್ಲಾ, ಮೊಳೆ ನಾಟಿರೋದು ನಿನಗೆ ಗೊತ್ತಾಗಲ್ವೇನ್ಲಾ?" ಎಂದು ಬೈದು, ಮೊಳೆ ಕಿತ್ತು, ಅಲ್ಲೇ ಬೀಡಾ ಅಂಗಡಿಯಿಂದ ಸುಣ್ಣವೋ ಅರಿಸಿನವೋ ತಂದು ಮೆತ್ತಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನಾದ್ರೆ ನಡೀಬೋದು ತಾಯಿ. ಅದು ನಡೀಲಾರದು" ಅಂದರು. ಹೊಟ್ಟೆ ಹೊತ್ತುಕೊಂಡು ಮನೆಯವರೆಗೆ ನಡೆದೆ. ದಾರಿಯುದ್ದಕ್ಕೂ ಸಿಟ್ಟು ಬಂದಿತ್ತು, ಮನೆ ಸೇರುವಷ್ಟರಲ್ಲಿ ನಗು ಬಂತು.

ಡಬ್ಬಿಗಳಲ್ಲೆಲ್ಲ ಒಂದನ್ನು ಅವರು ಬೇರೆಯೇ ಇಟ್ಟಿದ್ದರು. ತೆಳ್ಳಗಿನ ತಾಮ್ರದ ನಾಣ್ಯ, ಮೇಲೆಲ್ಲ ಹಸಿರು ಕಿಲುಬು. ಸವಾರ ಮಸುಕು ಮಸುಕು. ಕುದುರೆಯ ಹೊಟ್ಟೆಯ ಕೆಳಗೆ ನಾಲ್ಕೋ ಐದೋ ಅಕ್ಷರ. ಯಾವ ಪಟ್ಟಿಯಲ್ಲೂ ಇಲ್ಲದ ದೊರೆಯ ಹೆಸರು ಅದು ಎಂದು ಅವರ ನಂಬಿಕೆ. ತೆಳು ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಅಚ್ಚು ತೆಗೆದು ಮೈಸೂರಿನ ಒಬ್ಬ ಪ್ರೊಫೆಸರಿಗೆ ಕಳಿಸಿದ್ದರು. ಎಷ್ಟೋ ತಿಂಗಳ ಮೇಲೆ ಇನ್‌ಲ್ಯಾಂಡ್ ಲೆಟರ್ ಬಂತು. ಈ ಅಕ್ಷರಗಳು ನನಗೂ ಹೊಸವಾಗಿ ಕಾಣುತ್ತಿವೆ, ಆದರೆ ಕಾಗದದ ಅಚ್ಚು ನಂಬಿ ಏನೂ ಹೇಳಲಾಗದು, ದೀಪಾವಳಿ ಕಳೆದ ಮೇಲೆ ತುಮಕೂರಿಗೆ ಬರುವುದಿದೆ, ನಾಣ್ಯವನ್ನೇ ನೋಡುತ್ತೇನೆ ಎಂದಿತ್ತು. ಮಾವನವರು ಆ ಕಾಗದವನ್ನು ನನ್ನ ಕೈಲಿ ಮೂರು ಸಲ ಓದಿಸಿದರು. ಅವರ ಕಣ್ಣಿಗೇನೂ ತೊಂದರೆ ಇರಲಿಲ್ಲ. ಬೇರೆಯವರ ಬಾಯಲ್ಲಿ ಕೇಳಬೇಕಾಗಿತ್ತು, ಅಷ್ಟೆ. "ಕುದುರೆ ಲದ್ದಿ ಬಳಿದೋನು ಒಬ್ಬ ರಾಜನ ಹೆಸರು ಹುಡುಕ್ದ ಅಂತ ಆಯ್ತದೆ ನೋಡು" ಅಂದರು.

ಮೊದಲ ದೀಪಾವಳಿ ತವರಲ್ಲಿ ಆಗಿತ್ತು, ಎರಡನೆಯದು ಬಾಣಂತನದಲ್ಲಿ ಕಳೆಯಿತು. ತುಮಕೂರಿನ ಮನೆಯಲ್ಲಿ ನನ್ನ ಕೈಯಾರೆ ಮಾಡಿದ ದೀಪಾವಳಿ ಇದೇ ಮೊದಲು. ಗುಬ್ಬಿಯ ನಮ್ಮ ಮಂಡಿಯಲ್ಲಿ ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ತಾತನ ಕಾಲದ ತಾಮ್ರದ ದುಡ್ಡನ್ನೆಲ್ಲ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ, ರಂಗೋಲಿ ಪುಡಿಯಲ್ಲಿ ತಿಕ್ಕಿ, ತಟ್ಟೆಯ ಅಕ್ಕಿಯ ಮೇಲೆ ಜೋಡಿಸುತ್ತಿದ್ದೆವು. ಕೊಳೆ ದುಡ್ಡಿನ ಮೇಲೆ ಲಕ್ಷ್ಮಿ ಕೂರಲ್ಲ ಅನ್ನುವುದು ಅಮ್ಮನ ಮಾತು. ಅವತ್ತು ಮಾವನವರು ಬೆಳಿಗ್ಗೆಯೇ ಕುಣಿಗಲ್ಲಿಗೆ, ಕಾಯಿಲೆ ಬಿದ್ದಿದ್ದ ಫಾರಂನ ಹಳೇ ಜೊತೆಗಾರನನ್ನು ನೋಡಲು ಹೋಗಿದ್ದರು. ಬರುವಷ್ಟರಲ್ಲಿ ಅವರಿಗೆ ಸಂತೋಷವಾಗಲಿ ಎಂದುಕೊಂಡೆ. ಮೈಸೂರಿನಿಂದ ದೊಡ್ಡವರು ಬರುವಾಗ ಕಿಲುಬು ನಾಣ್ಯ ತೋರಿಸುವುದೇ ಎಂದೂ ಇತ್ತು. ಎಲ್ಲ ಡಬ್ಬಿ ಬಿಚ್ಚಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ನೆನೆಹಾಕಿದೆ. ತೆಂಗಿನ ನಾರಿನಲ್ಲಿ ಒಂದೊಂದನ್ನೂ ತಿಕ್ಕಿದೆ. ಆ ತೆಳ್ಳಗಿನದಕ್ಕೆ ಕಿಲುಬು ಜಾಸ್ತಿ ಇತ್ತು, ಹಾಗಾಗಿ ಅದನ್ನು ಜಾಸ್ತಿ ತಿಕ್ಕಿದೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ದೇವರ ಮನೆಯ ಬಾಗಿಲಿಗೆ ಬಂದು ನಿಂತರು. ತಟ್ಟೆಯ ತುಂಬ ಹೊಸ ತಾಮ್ರದ ಕೆಂಪು. ನಾನು ಮೆಚ್ಚುಗೆಯ ಮಾತಿಗೆ ಕಾಯುತ್ತಿದ್ದೆ. ಅವರು ಬಗ್ಗಿ ಆ ಒಂದನ್ನು ಎತ್ತಿಕೊಂಡು, ಅಕ್ಷರವಿದ್ದ ಕಡೆ ಅರ್ಧ ಬೆರಳಿನಿಂದ ಸವರಿದರು. ಇನ್ನೊಂದು ಸಲ ಸವರಿದರು. "ಚೆನ್ನಾಗಿ ಬೆಳಗಿದೀಯ ತಾಯಿ" ಅಂದು ಅದನ್ನು ಇದ್ದ ಜಾಗದಲ್ಲೇ ಇಟ್ಟರು. "ಪೂಜೆ ಆಗ್ಲಿ." ಆಮೇಲೆ ಯಜಮಾನರು ಕೆಲಸದಿಂದ ಬಂದು ಕೈಮುಗಿದರು, ಹೋಳಿಗೆ ತಿಂದರು, ಏನೂ ಕೇಳಲಿಲ್ಲ.

ಮೂರು ದಿನ ಮಾವನವರು ಡಬ್ಬಿ ತೆಗೆಯಲಿಲ್ಲ. ಏನೋ ಆಗಿದೆ ಎಂದು ಗೊತ್ತಾಗಿ ನಾನೇ ಹೋಗಿ ಕೇಳಿದೆ. ಮಗುವಿಗೆ ಪಾಠ ಹೇಳುವವರ ಹಾಗೆ ಬಿಡಿಸಿ ಹೇಳಿದರು. ಇಷ್ಟು ಹಳೇ ತಾಮ್ರದಲ್ಲಿ ಲೋಹ ಸವೆದು ಹೋಗಿರುತ್ತದೆ, ಅಕ್ಷರ ಉಳಿದಿರುವುದು ಆ ಹಸಿರು ಪದರದಲ್ಲೇ. ಪದರ ಹೋದರೆ ಅಕ್ಷರವೂ ಹೋಯಿತು.

"ಬೈಸ್ಕೊಳ್ಳಾಕೆ ನಿಂತಿದೀಯಲ್ಲ, ಬೈಯಲ್ಲ ಹೋಗು. ಹೇಳಿಕೊಡಬೇಕಾಗಿದ್ದೋನು ನಾನು. ಹೇಳ್ಲಿಲ್ಲ."

ನನಗೆ ಅಳು ಬರಲಿಲ್ಲ. ಬರಬೇಕಾಗಿತ್ತು ಎಂದು ಗೊತ್ತಿತ್ತು. ಒಲೆಯ ಮೇಲಿಟ್ಟಿದ್ದ ಹಾಲಿನ ನೆನಪಾಗಿ ಅಡುಗೆಮನೆಗೆ ಹೋದೆ. ಹಾಲು ಉಕ್ಕಿರಲಿಲ್ಲ. ಅದನ್ನೇ ನೋಡುತ್ತಾ ನಿಂತುಕೊಂಡೆ.

ಪ್ರೊಫೆಸರು ಹೇಳಿದ ಹಾಗೇ ಬಂದರು. ಅವತ್ತು ಭಾನುವಾರ, ಯಜಮಾನರೂ ಮನೆಯಲ್ಲಿದ್ದರು. ಪ್ರೊಫೆಸರು ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ.

"ಇದನ್ನ ಯಾರು ತೊಳೆದದ್ದು?"

"ನಾನೇ ಸ್ವಾಮಿ" ಅಂದರು ಮಾವನವರು. "ಹಬ್ಬ ನೋಡಿ. ಒಸಿ ಹುಣಸೆಹಣ್ಣು ಹಾಕಿ ಉಜ್ಬುಟ್ಟೆ."

"ಇಷ್ಟು ವರ್ಷ ಇಟ್ಟುಕೊಂಡಿದ್ದವರು ನೀವೇ ಹೀಗೆ ಮಾಡೋದೇ? ಇನ್ನು ಇದನ್ನ ಯಾವುದು ಅಂತ ಹೇಳಲಿ? ಯಾರಾದರೂ ಮೊನ್ನೆ ಅಚ್ಚು ಹಾಕಿದ್ದು ಅಂದರೂ ಇಲ್ಲ ಅನ್ನೋಕಾಗಲ್ಲ."

"ಬುದ್ಧಿ ಬರ್ಲಿಲ್ಲ ಸ್ವಾಮಿ" ಅಂದು ಮಾವನವರು ನನ್ನ ಕಡೆ ನೋಡಿದರು. "ತಾಯಿ, ಕಾಫಿ ಆರೋಯ್ತದೆ. ಮೇಷ್ಟ್ರಿಗೆ ಕೊಡು."

ಕೊಟ್ಟೆ. ಪ್ರೊಫೆಸರು ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೊರಟರು. ಮತ್ತೆ ಕಾಗದ ಬರಲಿಲ್ಲ. ಯಜಮಾನರು ಅಪ್ಪನನ್ನು, "ಹಂಡೆ ಹೊಳೆಯೋದು ನೋಡಿ ನಿಮಗೂ ಆಸೆಯಾಯ್ತಾ?" ಎಂದು ರೇಗಿಸಿದರು. "ಹೂಂ ಕಣೋ" ಅಂದರು ಅವರು. ಆ ಮಾತು ನೆಂಟರಿಷ್ಟರಲ್ಲೆಲ್ಲ ಹಬ್ಬಿತು. ಮಾವನವರು ಒಂದು ದಿನವೂ ಅದನ್ನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ನಾಳೆ ಹೇಳೋಣ ಎಂದು ನಾಲ್ಕೈದು ವರ್ಷ ಕಳೆದವು. ಮಧ್ಯಾಹ್ನ ಟವೆಲ್ ಹಾಸಿ ಕೂರುವುದು ನಿಂತುಹೋಯಿತು. ನಾಣ್ಯಗಳು ಡಬ್ಬಿಯಲ್ಲೇ ಇದ್ದವು. ಸಂಜೆ ಜಟಕಾ ಸ್ಟ್ಯಾಂಡಿನವರೆಗೆ ಹೋಗಿ ಬರುವರು. ಅಲ್ಲೂ ಆಟೋ ಬಂದು ಕುದುರೆಗಳು ಕಡಿಮೆಯಾಗಿದ್ದವು.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆ, ಎರಡು ದಿನ ಜ್ವರ ಬಂದು ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋದರು. ಆಗಲೂ ನನಗೆ ಅಳು ಬರಲಿಲ್ಲ. ಬಂದವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ. ಸೊಸೆ ಗಟ್ಟಿಗಿತ್ತಿ ಎಂದರು ಕೆಲವರು.

ಹನ್ನೊಂದನೇ ದಿನದ ಗಣಾರಾಧನೆಗೆ ಫಾರಂನ ಹಳಬರು ಕುಣಿಗಲ್ಲಿನಿಂದ ಬಂದಿದ್ದರು. ಪಂಕ್ತಿಯಲ್ಲಿ ಕೂತು ಮಾವನವರ ಮಾತೇ ಆಡುತ್ತಿದ್ದರು. ಯಜಮಾನರು ನಾಣ್ಯದ ಕಥೆ ಹೇಳಿದರು. ಒಬ್ಬರು ಅನ್ನ ಕಲಸುತ್ತಾ, "ಅಷ್ಟು ತಿಳಿದೋನು, ಚಿನ್ನದಂಥಾದ್ದನ್ನ ಹುಣಸೆಹಣ್ಣಿಗೆ ಹಾಕಿ ತಾನೇ ಹಾಳು ಮಾಡ್ಕೊಂಡ ನೋಡಿ" ಅಂದರು. ಪ್ರೀತಿಯಿಂದಲೇ ಅಂದದ್ದು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಪಾಯಸದ ಸೌಟು ಕೈಯಲ್ಲಿತ್ತು. ಅವರಲ್ಲ, ತೊಳೆದವಳು ನಾನು ಎಂದು ಅಲ್ಲಿ ಹೇಳಿದ್ದರೆ ಸಾಕಿತ್ತು, ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಹಾಗೆ ಅಂದವರ ಎಲೆಯ ಮುಂದೆ ಬಗ್ಗಿ, ಇನ್ನೊಂದು ಸೌಟು ಹಾಕಲಾ ಎಂದು ಕೇಳಿದೆ.