ಈಶಪ್ಪ ಮಾಸ್ತರರ ಹುತುತು ಸೈನ್ಯ

ಯಲಬುರ್ಗಿಯ ಮಿಡಲ್ ಸಾಲೆಯ ಡ್ರಿಲ್ ಮಾಸ್ತರ ಈಶಪ್ಪನವರು ಸೀಟಿ ಊದಿದರೆ ಸಂತೆಗೆ ಹೊರಟ ಎತ್ತುಗಳೂ ಸಾಲಾಗಿ ನಿಲ್ಲುತ್ತವೆ ಎಂಬ ಕೀರ್ತಿ ನಿಜಾಮರ ರಾಜ್ಯದಲ್ಲಿ ಕುಷ್ಟಗಿಯವರೆಗೂ ಹಬ್ಬಿತ್ತು. ಅವರ ಖಾಕಿ ಚಡ್ಡಿಗೆ ಎಷ್ಟು ಗಂಜಿಯೆಂದರೆ, ಅವರು ಕುಳಿತರೂ ಅದು ನಿಂತೇ ಇರುತ್ತಿತ್ತು. ಗಣಿತ ತಲೆಗಷ್ಟೇ, ಹುತುತು ಎಂಬ ಕಬಡ್ಡಿ ಇಡೀ ಮನುಷ್ಯನಿಗೆ ಎಂಬುದು ಅವರ ವೇದಾಂತ. "ಉಸಿರು ಹಿಡೀರಿ, ಕಾಲು ಹಿಡೀರಿ, ಸಿಟ್ಟು ಹಿಡೀಬ್ಯಾಡ್ರಿ" ಎಂದು ದಿನಾ ಸಂಜೆ ಭೀಷ್ಮಾಚಾರ್ಯರ ಗತ್ತಿನಲ್ಲಿ ಉಪದೇಶಿಸುತ್ತಿದ್ದರು. ಅವರ ಸೈನ್ಯದ ಅರ್ಜುನನೆಂದರೆ ಊರ ಹೊರಗಿನ ಕೇರಿಯ ದ್ಯಾವಪ್ಪ. ಅವನು ಉಸಿರು ಕಟ್ಟಿ ಗೆರೆ ದಾಟಿದನೆಂದರೆ ಎದುರಾಳಿಗಳು ಮೈಲಿಗೆಗೆ ಹೆದರಿ ಮೂಲೆ ಸೇರುತ್ತಿದ್ದರು. ಅವನು ಸಿಕ್ಕವರನ್ನು ಮುಟ್ಟಿ, ಔಟ್ ಮಾಡಿ, ತಿರುಗಾಡಲು ಹೋದವನಂತೆ ಮರಳುತ್ತಿದ್ದ. "ಆ ಹುಡುಗನ್ನ ತಗೀರಿ, ಇಲ್ಲಾಂದ್ರ ನಿಮ್ಮ ನೌಕರಿ ತಗಸ್ತೀವಿ" ಎಂದು ಎದುರೂರಿನ ಗೌಡರು ಗುಡುಗಿದರೆ, "ಹಿಡದು ಔಟ್ ಮಾಡ್ರಿ, ಆಟದ ಕಾಯ್ದೆ ಅದ ಐತ್ರಿ" ಎಂದು ಮಾಸ್ತರರು ಕೈ ಮುಗಿಯುತ್ತಿದ್ದರು. ಆದರೆ ಗೆದ್ದು ಬಂದಾಗಲೆಲ್ಲ ದ್ಯಾವಪ್ಪನ ಮುಖ ಸಪ್ಪಗಿರುತ್ತಿತ್ತು. "ನನ್ನ ಯಾರೂ ಹಿಡ್ಯಾಂಗಿಲ್ಲ, ಇದ್ಯಾತರ ಆಟ್ರಿ ಮಾಸ್ತರ?" ಎಂದು ಅವನು ಕೇಳಿದರೆ ಆ ಮಹಾರಥಿ ಸೀಟಿ ಊದಿ ಇಡೀ ಸೈನ್ಯವನ್ನು ಮನೆಗೆ ಅಟ್ಟುತ್ತಿದ್ದರು. ಕಡೆಗೊಮ್ಮೆ ಅಳವಂಡಿಯಲ್ಲಿ, ಸೋಲು ಗೆಲುವು ಒಂದೇ ಔಟಿನ ಮೇಲೆ ನಿಂತಾಗ, ಆಟದ ಕಾವಿನಲ್ಲಿ ಮೈಲಿಗೆ ಮರೆತ ಅಲ್ಲಿಯ ಗೌಡರ ಮಗ ದ್ಯಾವಪ್ಪನ ಕಾಲು ಹಿಡಿದ. ಉಳಿದವರೆಲ್ಲ ಮೇಲೆ ಬಿದ್ದರು. ಯಲಬುರ್ಗಿ ಸೋತಿತು. ಆ ರಾಶಿಯ ತಳದಿಂದ ದ್ಯಾವಪ್ಪನ ನಗು ಕೇಳುತ್ತಿತ್ತು. ಈಶಪ್ಪನವರು ಓಡಿ ಹೋಗಿ ಗೌಡರ ಮಗನ ಬೆನ್ನು ತಟ್ಟಿ, "ಛಲೋ ಹಿಡದಿಯೋ ತಮ್ಮಾ, ಬಿಡಬ್ಯಾಡ, ಇನ್ನೊಂದೀಟು ಹಿಡಕೊಂಡಿರು" ಎಂದರು.